ಎರಡು ವರ್ಷದ ಬೇಸಾಯ ಶಾಸ್ತ್ರ: ಯಾರಿಗೆ, ಯಾತಕ್ಕೆ?

ಪ್ರಶ್ನೆ: ನಮ್ಮದು ನವಲಗುಂದ ತಾಲ್ಲೂಕು, ಎಂಟು ಎಕರೆ ಎರೆ ಹೊಲ. ಮಗಳು ಈ ಸಲ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ. ಒಕ್ಕಲುತನದ ವಿದ್ಯೆಯನ್ನೇ ಓದುತ್ತೇನೆ ಅನ್ನುತ್ತಾಳೆ. ಅಮೆರಿಕದಲ್ಲಿರುವ ನಮ್ಮ ಅಣ್ಣನ ಮಗ, ಅಲ್ಲಿ ಎರಡೇ ವರ್ಷಕ್ಕೆ ‘ಅಗ್ರಾನಮಿಯಲ್ಲಿ ಅಸೋಸಿಯೇಟ್ ಡಿಗ್ರಿ’ ಕೊಡುತ್ತಾರೆ ಎಂದು ಹೇಳಿದ. ಅಂಥದ್ದು ಧಾರವಾಡದಲ್ಲಿ ಇದೆಯೇ? ಅದರಲ್ಲಿ ಏನು ಕಲಿಸುತ್ತಾರೆ, ಮುಂದೆ ಏನು ಕೆಲಸ ಸಿಗುತ್ತದೆ? ಹೊಲದಲ್ಲೇ ಹುಟ್ಟಿ ಬೆಳೆದ ಹುಡುಗಿಗೆ ಇದನ್ನು ಕಾಲೇಜಿಗೆ ಹೋಗಿ ಕಲಿಯುವ ಅಗತ್ಯವಾದರೂ ಏನು?
— ಓದುಗರೊಬ್ಬರು, ನವಲಗುಂದ

ಉತ್ತರ: ಎರಡು ವರ್ಷದ ಓದು ಇಲ್ಲಿಯೂ ಇದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಎಸ್ಸೆಸ್ಸೆಲ್ಸಿ ಆದವರಿಗಾಗಿ ಕನ್ನಡ ಮಾಧ್ಯಮದ ಕೃಷಿ ಡಿಪ್ಲೊಮಾ ನಡೆಸುತ್ತ ಬಂದಿದೆ. ಆದರೆ ಅಮೆರಿಕದ ಅಸೋಸಿಯೇಟ್ ಡಿಗ್ರಿಗೂ ನಮ್ಮ ಡಿಪ್ಲೊಮಾಕ್ಕೂ ಅವಧಿ ಮಾತ್ರ ಒಂದೇ. ಅಲ್ಲಿಯದು 12ನೇ ತರಗತಿ ಮುಗಿದ ಮೇಲೆ ಶುರುವಾಗುತ್ತದೆ, ಇಲ್ಲಿಯದು 10ನೇ ತರಗತಿ ಮುಗಿದ ಮೇಲೆ. ನಿಮ್ಮ ಮಗಳು ಡಿಪ್ಲೊಮಾ ಓದುವ ಎರಡು ವರ್ಷ, ಆಕೆಯ ಗೆಳತಿಯರು ಪಿಯುಸಿ ಓದುವ ಅದೇ ಎರಡು ವರ್ಷ. ಅದಕ್ಕೇ ಯಾವುದಕ್ಕೆ ಸೇರಬೇಕು ಎಂದು ಕೇಳುವ ಮೊದಲು, ಓದು ಮುಗಿಸಿ ಆಕೆ ಎಲ್ಲಿ ನಿಲ್ಲಬೇಕೆಂದಿದ್ದಾಳೆ ಎಂದು ಕೇಳಬೇಕು.

ಮೊದಲು ಅಮೆರಿಕದ ಮಾತು ಮುಗಿಸೋಣ. ಅಲ್ಲಿ ಊರೂರಿಗೆ ಇರುವ ಕಮ್ಯುನಿಟಿ ಕಾಲೇಜುಗಳು ಈ ಪದವಿ ಕೊಡುತ್ತವೆ. ಅದರಲ್ಲೂ ಎರಡು ಬಗೆ. ಒಂದು ನೇರವಾಗಿ ಕೆಲಸಕ್ಕೆ ಅಣಿಗೊಳಿಸುವುದು: ಬೀಜ, ಗೊಬ್ಬರದ ಕಂಪನಿಗಳಲ್ಲಿ, ರೈತರ ಸಹಕಾರ ಸಂಘಗಳಲ್ಲಿ ಹೊಲ ಸುತ್ತಿ ಸಲಹೆ ಕೊಡುವ ಕೆಲಸ. ಇನ್ನೊಂದು, ಎರಡು ವರ್ಷ ಅಗ್ಗದಲ್ಲಿ ಓದಿ, ಆಮೇಲೆ ದೊಡ್ಡ ವಿಶ್ವವಿದ್ಯಾಲಯಕ್ಕೆ ವರ್ಗವಾಗಿ ನಾಲ್ಕು ವರ್ಷದ ಪದವಿ ಮುಗಿಸುವವರಿಗೆ. ಅಂದರೆ ಅದು ಪದವಿಯ ಮೊದಲ ಅರ್ಧ.

ಆ ಮಟ್ಟಕ್ಕೆ ನಿಜವಾಗಿ ಹತ್ತಿರವಾದದ್ದು ನಮ್ಮಲ್ಲಿ ಈಚೆಗೆ ಬಂದಿದೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಆರನೇ ಡೀನರ ಸಮಿತಿಯ ಶಿಫಾರಸಿನಂತೆ, 2024-25ರ ಹೊಸ ಪಠ್ಯಕ್ರಮದಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. (ಆನರ್ಸ್) ಕೃಷಿ ಪದವಿಗೆ ನಡುವೆ ಹೊರಬರುವ ಬಾಗಿಲುಗಳನ್ನು ಇಟ್ಟಿದ್ದಾರೆ. ಮೊದಲ ವರ್ಷ ಮುಗಿಸಿ 10 ವಾರದ ಇಂಟರ್ನ್‌ಶಿಪ್ ಮಾಡಿದರೆ ಸರ್ಟಿಫಿಕೇಟ್, ಎರಡನೇ ವರ್ಷ ಮುಗಿಸಿ ಹಾಗೆಯೇ ಮಾಡಿದರೆ ಪದವಿ ಮಟ್ಟದ ಡಿಪ್ಲೊಮಾ. ಹೆಸರು ಡಿಪ್ಲೊಮಾ ಎಂದೇ ಇದ್ದರೂ ಎಸ್ಸೆಸ್ಸೆಲ್ಸಿ ನಂತರದ ಡಿಪ್ಲೊಮಾಕ್ಕೂ ಇದಕ್ಕೂ ಸಂಬಂಧವಿಲ್ಲ. ಇದಕ್ಕೆ ಹೋಗಬೇಕಾದರೆ ಪಿಯುಸಿ ವಿಜ್ಞಾನ, ಸಿಇಟಿ, ಕೃಷಿ ಕಾಲೇಜಿನ ಸೀಟು ಎಲ್ಲವನ್ನೂ ದಾಟಿ ಬರಬೇಕು. ಅಷ್ಟು ಕಷ್ಟಪಟ್ಟು ಸೀಟು ಪಡೆದವರು ಅರ್ಧಕ್ಕೆ ಹೊರಬರುವುದು ಅಪರೂಪವೇ. ಮನೆಯ ತಾಪತ್ರಯದಿಂದ ನಡುವೆ ಓದು ನಿಂತರೆ ಕೈ ಬರಿದಾಗದಿರಲಿ ಎಂಬ ಏರ್ಪಾಡು ಅದು.

ಹಾಗಾಗಿ ನಿಮ್ಮ ಮುಂದಿರುವುದು ಎರಡೇ ದಾರಿ: ಈಗಲೇ ಡಿಪ್ಲೊಮಾ, ಇಲ್ಲವೇ ಪಿಯುಸಿ ಮುಗಿಸಿ ಬಿ.ಎಸ್ಸಿ. ಎರಡನ್ನೂ ತೂಗುವ ಮೊದಲು ನಿಮ್ಮ ಮೂರನೆಯ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದೆಲ್ಲ ಅದರ ಮೇಲೆ ನಿಂತಿದೆ. ಹೊಲದಲ್ಲಿ ಬೆಳೆದವಳಿಗೆ ಬೇಸಾಯ ಶಾಸ್ತ್ರದ, ಅಂದರೆ ಅಗ್ರಾನಮಿಯ, ಪಾಠ ಯಾತಕ್ಕೆ?

ನಿಮಗೆ ಚೆನ್ನಾಗಿ ಗೊತ್ತಿರುವ ಹಿಂಗಾರಿ ಜೋಳವನ್ನೇ ತೆಗೆದುಕೊಳ್ಳಿ. ಕೂರಿಗೆಯ ಸಾಲು ಒಂದೂವರೆ ಅಡಿ, ಸಾಲಿನಲ್ಲಿ ಗಿಡದಿಂದ ಗಿಡಕ್ಕೆ ಅರ್ಧ ಅಡಿ ಎಂದಿಟ್ಟುಕೊಳ್ಳಿ. ಒಂದು ಗಿಡದ ಪಾಲಿಗೆ ಮುಕ್ಕಾಲು ಚದರಡಿ ನೆಲ ಬಂತು. ಗುಂಟೆಗೆ 1,089 ಚದರಡಿ, ಹಾಗಾದರೆ ಗುಂಟೆಗೆ 1,452 ಗಿಡ, ಎಕರೆಗೆ 58,080. ಈಗ ಬೀಜದ ಲೆಕ್ಕ. ಒಳ್ಳೆಯ ದಪ್ಪ ಕಾಳಿನ ಜೋಳ ಸಾವಿರ ಕಾಳಿಗೆ ಸುಮಾರು 35 ಗ್ರಾಂ ತೂಗುತ್ತದೆ. ಎಕರೆಗೆ 3 ಕಿಲೋ ಬಿತ್ತಿದರೆ ಹತ್ತಿರ ಹತ್ತಿರ 86,000 ಕಾಳು ನೆಲಕ್ಕೆ ಬಿದ್ದಂತೆ. ಪ್ರಮಾಣಿತ ಬೀಜಕ್ಕೆ ಇರಬೇಕಾದ ಕನಿಷ್ಠ ಮೊಳಕೆ ಶೇ 75. ಅಷ್ಟು ಮೊಳೆತರೆ 64,000 ಸಸಿ. ಹಕ್ಕಿ, ಹುಳ, ಎಡೆಕುಂಟಿಗೆ ಒಂದಿಷ್ಟು ಹೋಗಿ, ದಟ್ಟವಾದಲ್ಲಿ ಒಂದಿಷ್ಟು ಕಿತ್ತರೆ ಬೇಕಾದಷ್ಟೇ ಉಳಿಯಿತು. ಅದೇ ಮನೆಯಲ್ಲಿ ಹುಳ ಬಿದ್ದ ಬೀಜ ಅರ್ಧಕ್ಕರ್ಧ ಮೊಳೆತರೆ 43,000 ಸಸಿ. ಆಗ ಎಷ್ಟು ಗೊಬ್ಬರ ಹಾಕಿದರೂ ಹೊಲದ ಕಾಲುಭಾಗ ಖಾಲಿಯೇ.

ಬೀಜ ಕಡಿಮೆ ಆಗುವುದೊಂದೇ ತೊಂದರೆಯಲ್ಲ, ಹೆಚ್ಚಾಗುವುದೂ ತೊಂದರೆಯೇ. ಹಿಂಗಾರಿ ಜೋಳ ಬೆಳೆಯುವುದು ಎರೆಯಲ್ಲಿ ಇಂಗಿದ ಹಸಿಯ ಮೇಲೆ. ಸ್ವಾತಿ ಮಳೆಯ ನಂತರ ಮೇಲಿನಿಂದ ಬರುವ ನೀರು ಬಹುತೇಕ ಶೂನ್ಯ. ಎಕರೆಗೆ ಒಂದು ಲಕ್ಷ ಗಿಡ ನಿಲ್ಲಿಸಿದರೆ ಇದ್ದ ಹಸಿಯನ್ನು ಎಲ್ಲ ಗಿಡಗಳೂ ಸೇರಿ ದಂಟು, ಎಲೆ ಬೆಳೆಸುವುದರಲ್ಲೇ ಮುಗಿಸುತ್ತವೆ. ತೆನೆ ಕಾಳು ಕಟ್ಟುವ ಹೊತ್ತಿಗೆ ನೆಲ ಬಿರುಕು ಬಿಟ್ಟಿರುತ್ತದೆ. ದನಕ್ಕೆ ಮೇವಾಯಿತು, ರಾಶಿ ಆಗಲಿಲ್ಲ. ‘ಜೋಳ ತೆಳುವಿರಲಿ’ ಎಂದು ಹಿರಿಯರು ಹೇಳುತ್ತಿದ್ದುದು ಇದನ್ನೇ. ಬೇಸಾಯ ಶಾಸ್ತ್ರ ಆ ಮಾತನ್ನು ತಳ್ಳಿಹಾಕುವುದಿಲ್ಲ. ತೆಳು ಅಂದರೆ ಎಷ್ಟು, ಯಾವ ಮಣ್ಣಿಗೆ ಎಷ್ಟು, ಹಸಿ ಎರಡಡಿ ಇಳಿದ ವರ್ಷ ಎಷ್ಟು, ನಾಲ್ಕಡಿ ಇಳಿದ ವರ್ಷ ಎಷ್ಟು ಎಂದು ಅಳೆದು ಹೇಳಲು ಕಲಿಸುತ್ತದೆ. ನಿಮ್ಮ ಮಗಳಿಗೆ ಹೊಲ ಗೊತ್ತು. ಅಳತೆ ಕಲಿತರೆ ತನ್ನ ಹೊಲದ ಅನುಭವವನ್ನು ಪಕ್ಕದೂರಿನ ಬೇರೆ ಮಣ್ಣಿಗೆ ಹೇಗೆ ಹೊಂದಿಸಬೇಕು ಎಂಬುದೂ ಗೊತ್ತಾಗುತ್ತದೆ.

ಧಾರವಾಡ ಜಿಲ್ಲೆಯಲ್ಲಂತೂ ಇದು ದೊಡ್ಡ ಮಾತು. ಕರ್ನಾಟಕವನ್ನು 10 ಕೃಷಿ ಹವಾಮಾನ ವಲಯಗಳಾಗಿ ಹಂಚಿದ್ದಾರೆ. ಅವುಗಳಲ್ಲಿ ಮೂರು ಈ ಒಂದೇ ಜಿಲ್ಲೆಯಲ್ಲಿವೆ. ನಿಮ್ಮ ನವಲಗುಂದ ಉತ್ತರದ ಒಣ ವಲಯ, ಹುಬ್ಬಳ್ಳಿ-ಧಾರವಾಡ ಉತ್ತರದ ಅರೆಮಲೆನಾಡಿನ ಸಂಕ್ರಮಣ ವಲಯ, ಕಲಘಟಗಿ ಗುಡ್ಡಗಾಡು ವಲಯ. ಬೆಳಿಗ್ಗೆ ಕಲಘಟಗಿಯ ಭತ್ತದ ಗದ್ದೆ ನೋಡಿ ಬಸ್ ಹತ್ತಿದವರು ಮಧ್ಯಾಹ್ನದೊಳಗೆ ನಿಮ್ಮೂರ ಕಡಲೆ ಹೊಲ ನೋಡಬಹುದು. ಒಂದೇ ಶಿಫಾರಸು ಎರಡೂ ಕಡೆ ನಡೆಯುವುದಿಲ್ಲ.

ಇನ್ನು ಗೊಬ್ಬರ. ಮಳೆಯಾಶ್ರಿತ ಕಡಲೆಗೆ ಎಕರೆಗೆ 10 ಕಿಲೋ ಸಾರಜನಕ, 20 ಕಿಲೋ ರಂಜಕ ಕೊಡಿ ಎಂದು ಮಣ್ಣಿನ ವರದಿ ಹೇಳಿತು ಅನ್ನಿ. 50 ಕಿಲೋದ ಒಂದು ಡಿಎಪಿ ಚೀಲದಲ್ಲಿ ಶೇ 18ರ ಲೆಕ್ಕದಲ್ಲಿ 9 ಕಿಲೋ ಸಾರಜನಕ, ಶೇ 46ರ ಲೆಕ್ಕದಲ್ಲಿ 23 ಕಿಲೋ ರಂಜಕ ಇರುತ್ತದೆ. ಒಂದು ಚೀಲಕ್ಕೆ ಕೆಲಸ ಮುಗಿಯಿತು. ಆದರೂ ಅಂಗಡಿಯಲ್ಲಿ ಜೊತೆಗೊಂದು ಯೂರಿಯಾ ಚೀಲ ಗಾಡಿಗೆ ಬೀಳುತ್ತದೆ. ಆ 45 ಕಿಲೋ ಚೀಲದಲ್ಲಿ ಇನ್ನೂ 20 ಕಿಲೋಗೆ ಮಿಕ್ಕಿ ಸಾರಜನಕ ಬಂತು. ಕಡಲೆಯ ಬೇರುಗಂಟಿನಲ್ಲಿರುವ ರೈಜೋಬಿಯಂ ಅಣುಜೀವಿ ಗಾಳಿಯ ಸಾರಜನಕವನ್ನೇ ಹಿಡಿದು ಗಿಡಕ್ಕೆ ಕೊಡುತ್ತದೆ. ಮಣ್ಣಿನಲ್ಲಿ ಸುಲಭಕ್ಕೆ ಸಿಗುವಷ್ಟು ಯೂರಿಯಾ ಬಿದ್ದರೆ ಗಂಟು ಕಟ್ಟುವುದೇ ಕಡಿಮೆಯಾಗುತ್ತದೆ. ದುಡ್ಡು ಕೊಟ್ಟು, ಪುಕ್ಕಟೆ ಸಿಗುತ್ತಿದ್ದುದನ್ನು ನಿಲ್ಲಿಸಿದಂತಾಯಿತು. ಇಷ್ಟು ಲೆಕ್ಕಕ್ಕೆ ಏಳನೇ ತರಗತಿಯ ಗಣಿತ ಸಾಕು. ಯಾವ ಲೆಕ್ಕ ಮಾಡಬೇಕು ಎಂಬುದನ್ನು ಮಾತ್ರ ಯಾರಾದರೂ ಕಲಿಸಬೇಕು.

ಡಿಪ್ಲೊಮಾದ ನಾಲ್ಕು ಸೆಮಿಸ್ಟರ್‌ಗಳಲ್ಲಿ ಬರುವುದು ಬಹುಮಟ್ಟಿಗೆ ಇಂಥದ್ದೇ: ಬೇಸಾಯ ಶಾಸ್ತ್ರ, ಮಣ್ಣು ವಿಜ್ಞಾನ, ಬೀಜೋತ್ಪಾದನೆ, ಕೀಟಶಾಸ್ತ್ರ, ಸಸ್ಯರೋಗ, ತೋಟಗಾರಿಕೆ, ಪಶುಪಾಲನೆ, ಕೃಷಿ ಯಂತ್ರೋಪಕರಣ, ವಿಸ್ತರಣೆ. ಎಲ್ಲದರ ತಳಪಾಯ ಮಾತ್ರ, ಆಳವಿಲ್ಲ. ಅರ್ಧ ಹೊತ್ತು ಕ್ಲಾಸು, ಅರ್ಧ ಹೊತ್ತು ಹೊಲ. ಕನ್ನಡದಲ್ಲೇ ಓದಿ ಕನ್ನಡದಲ್ಲೇ ಬರೆಯುವುದರಿಂದ, ಇಂಗ್ಲಿಷ್ ತೊಡಕಿಗೆ ಓದು ಬಿಡುವ ಹಳ್ಳಿ ಮಕ್ಕಳಿಗೆ ಇದು ದೊಡ್ಡ ಆಸರೆ. ಕನ್ನಡದಲ್ಲಿ ಕೃಷಿ ಕಲಿಸುವುದು ಈ ಭಾಗಕ್ಕೆ ಹೊಸದೂ ಅಲ್ಲ. ಮುಂಬೈ ಪ್ರಾಂತದ ಕಾಲದಲ್ಲಿ ಹಾವೇರಿ ಬಳಿಯ ದೇವಿಹೊಸೂರಿನಲ್ಲಿ ರೈತರ ಮಕ್ಕಳಿಗಾಗಿಯೇ ಕೃಷಿ ಶಾಲೆ ಇತ್ತು.

ಧಾರವಾಡದಲ್ಲಿ ಕೃಷಿ ಕಾಲೇಜು ಆರಂಭವಾದದ್ದು 1947ರಲ್ಲಿ. 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹುಟ್ಟಿದಾಗ ಅದು ಅದರಡಿ ಸೇರಿತು. 1986ರ ಅಕ್ಟೋಬರ್ 1ರಂದು ಧಾರವಾಡಕ್ಕೆ ತನ್ನದೇ ಕೃಷಿ ವಿಶ್ವವಿದ್ಯಾಲಯ ಬಂತು. ಬೆಂಗಳೂರಿನ ವಿಶ್ವವಿದ್ಯಾಲಯವನ್ನು ಕಟ್ಟಿದ್ದು ಅಮೆರಿಕದ ಲ್ಯಾಂಡ್ ಗ್ರಾಂಟ್ ಮಾದರಿಯಲ್ಲಿ, ಟೆನೆಸ್ಸೀ ವಿಶ್ವವಿದ್ಯಾಲಯದ ನೆರವಿನೊಂದಿಗೆ. ಪಾಠ, ಸಂಶೋಧನೆ, ರೈತರಿಗೆ ತಿಳಿಸುವ ಕೆಲಸ ಮೂರೂ ಒಂದೇ ಸೂರಿನಡಿ ಇರಬೇಕೆಂಬುದು ಆ ಮಾದರಿಯ ಮೂಲ ಮಂತ್ರ. ವಿದ್ಯಾರ್ಥಿಗೆ ಇದರ ಲಾಭವೆಂದರೆ, ಪಾಠ ಹೇಳುವವರೇ ತಳಿ ಮಾಡುವವರೂ ಆಗಿರುತ್ತಾರೆ. ಹತ್ತಿ ತಳಿ ವಿಜ್ಞಾನಿ ಬಿ. ಎಚ್. ಕತರಕಿಯವರು ಅಮೆರಿಕನ್ ಜಾತಿಯ ‘ಲಕ್ಷ್ಮಿ’ ಹತ್ತಿಯನ್ನು ಬಾರ್ಬಡೆನ್ಸ್ ಜಾತಿಯ ಹತ್ತಿಯೊಂದಿಗೆ ಸಂಕರಿಸಿ ‘ವರಲಕ್ಷ್ಮಿ’ ತಂದದ್ದು 1972ರಲ್ಲಿ, ಧಾರವಾಡದ ಹೊಲದಲ್ಲೇ. ಎರಡು ಬೇರೆ ಜಾತಿಗಳನ್ನು ಕೂಡಿಸಿದ ವಾಣಿಜ್ಯ ಹತ್ತಿ ಹೈಬ್ರಿಡ್‌ಗಳಲ್ಲಿ ಅದೇ ಮೊದಲನೆಯದು. ಆಮೇಲೆ ಬಂದ ಡಿಸಿಎಚ್-32 ಹತ್ತಿ, ತುಕ್ಕು ರೋಗ ತಡೆಯುವ ಜಿಪಿಬಿಡಿ-4 ಶೇಂಗಾ ಮತ್ತು ಡಿಎಸ್‌ಬಿ-21 ಸೋಯಾಬೀನ್ ಎಲ್ಲ ಇಲ್ಲಿಯವೇ. ನಿಮ್ಮ ನೆರೆಯ ಅಣ್ಣಿಗೇರಿಯ ಸಂಶೋಧನಾ ಕೇಂದ್ರ ಕೊಟ್ಟ ಅಣ್ಣಿಗೇರಿ-1 ಕಡಲೆಯನ್ನು ನೀವೇ ಬಿತ್ತಿದ್ದೀರಿ ಎಂದುಕೊಂಡಿದ್ದೇನೆ.

ನವಲಗುಂದದವರಿಗೆ ಇನ್ನೂ ಒಂದು ಪಾಠ ತೀರಾ ಹತ್ತಿರದ್ದು. ನವಿಲುತೀರ್ಥದಿಂದ ಮಲಪ್ರಭಾ ಕಾಲುವೆ ನೀರು ಬಂದ ಮೇಲೆ ನಿಮ್ಮ ಕಡೆಯ ಎಷ್ಟೋ ಹೊಲಗಳು ಸವುಳು-ಜವುಳಾದವು. ಮಣ್ಣಿನ ದ್ರಾವಣದ ವಿದ್ಯುತ್ ವಾಹಕತೆ ಮೀಟರಿಗೆ ನಾಲ್ಕು ಡೆಸಿಸೀಮನ್ ದಾಟಿದರೆ ಅದು ಉಪ್ಪಿನ ಮಣ್ಣು, ರಸಸಾರ ಎಂಟೂವರೆ ದಾಟಿದರೆ ಕ್ಷಾರದ ಸಂಶಯ. ಮೊದಲನೆಯದಕ್ಕೆ ಬಸಿಗಾಲುವೆ ತೋಡಿ ಸಿಹಿನೀರಿನಲ್ಲಿ ತೊಳೆಯಬೇಕು, ಎರಡನೆಯದಕ್ಕೆ ಜಿಪ್ಸಂ ಬೇಕು. ಯಾವುದು ಎಂದು ಗೊತ್ತಿಲ್ಲದೆ ಜಿಪ್ಸಂ ಸುರಿದರೆ ಖರ್ಚೇ ಖರ್ಚು. ನಿಮ್ಮ ತಾಲ್ಲೂಕಿನದೇ ಬೆಳವಟಗಿ ಸಂಶೋಧನಾ ಕೇಂದ್ರ ನೀರಾವರಿ ನೀರಿನ ನಿರ್ವಹಣೆಯ ಮೇಲೆಯೇ ಕೆಲಸ ಮಾಡುತ್ತದೆ. ಮಗಳನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿ. ಈ ವಿದ್ಯೆ ಆಕೆಗೆ ಹಿಡಿಸುತ್ತದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ.

ಈಗ ಕೆಲಸದ ಮಾತು. ಇಲ್ಲಿ ಹಲವರು ಮೋಸ ಹೋಗುತ್ತಾರೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ರೈತ ಸಂಪರ್ಕ ಕೇಂದ್ರದಲ್ಲಿ ನೀವು ನೋಡುವ ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ ಹುದ್ದೆಗಳಿಗೆ ಪದವಿಯೇ ಬೇಕು. ಎಸ್ಸೆಸ್ಸೆಲ್ಸಿ ನಂತರದ ಡಿಪ್ಲೊಮಾ ಸಾಲದು. ಬ್ಯಾಂಕಿನ ಕೃಷಿ ಅಧಿಕಾರಿಯಾಗಲು, ಎಂ.ಎಸ್ಸಿ. ಓದಲು, ವಿಜ್ಞಾನಿಯಾಗಲು ಕೂಡ ಹಾಗೆಯೇ. ಮಗಳ ಮನಸ್ಸು ಆ ಕಡೆಗಿದ್ದರೆ ಈ ಹೊತ್ತಿಗೆ ಪಿಯುಸಿ ವಿಜ್ಞಾನ, ಅದರಲ್ಲೂ ಜೀವಶಾಸ್ತ್ರ ಇರುವ ಸಂಯೋಜನೆ ತೆಗೆದುಕೊಳ್ಳುವುದೇ ನೇರ ದಾರಿ. ನಿಮಗೊಂದು ಅನುಕೂಲವೂ ಇದೆ: ಕೃಷಿ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಉಂಟು. 2021ರಲ್ಲಿ ಸರ್ಕಾರ ಅದನ್ನು ಶೇ 40ರಿಂದ 50ಕ್ಕೆ ಏರಿಸಿತು. ಆ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಕಳೆ, ಗೊಬ್ಬರ, ಉಪಕರಣಗಳನ್ನು ಮುಂದಿಟ್ಟು ಗುರುತಿಸಲು ಹೇಳುತ್ತಾರೆ. ಪೇಟೆಯಲ್ಲಿ ಕೋಚಿಂಗ್ ಪಡೆದವರು ತಡಕಾಡುವಲ್ಲಿ ನಿಮ್ಮ ಮಗಳು ನಿರಾಯಾಸವಾಗಿ ಉತ್ತರಿಸಬಹುದು. ಪದವಿಯ ಕೊನೆಯ ವರ್ಷ ವಿದ್ಯಾರ್ಥಿಗಳನ್ನು ಹಳ್ಳಿಗೇ ಕಳಿಸಿ ತಿಂಗಳುಗಟ್ಟಲೆ ರೈತರ ಜೊತೆ ಇರಿಸುತ್ತಾರೆ. ಅಲ್ಲಿಯೂ ಆಕೆಗೆ ಹೊಸದೇನಿಲ್ಲ.

ಡಿಪ್ಲೊಮಾದಿಂದ ಸಿಗುವುದು ಬೇರೆ ಬಗೆಯ ಕೆಲಸ. ಬೀಜ ಕಂಪನಿಗಳಿಗೆ ಬೀಜೋತ್ಪಾದನೆಯ ಹೊಲಗಳನ್ನು ನೋಡಿಕೊಳ್ಳುವ ಕ್ಷೇತ್ರ ಸಿಬ್ಬಂದಿ ಯಾವಾಗಲೂ ಬೇಕು. ರಾಣೆಬೆನ್ನೂರು ಸುತ್ತಿನ ತರಕಾರಿ, ಹತ್ತಿ ಹೈಬ್ರಿಡ್ ಬೀಜದ ವ್ಯವಹಾರ ದೊಡ್ಡದು. ಹೂವಿನ ಪರಾಗ ಯಾವ ಹೊತ್ತಿಗೆ ತೆಗೆಯಬೇಕು, ಬೇರೆ ತಳಿಯ ಗಿಡವನ್ನು ಯಾವ ಹಂತದಲ್ಲಿ ಕಿತ್ತೆಸೆಯಬೇಕು ಎಂದು ಕೂಲಿಗಳಿಗೆ ಕನ್ನಡದಲ್ಲಿ ತಿಳಿಸಿ ಹೇಳಬಲ್ಲವರಿಗೆ ಅಲ್ಲಿ ಬೆಲೆಯಿದೆ. ಸಕ್ಕರೆ ಕಾರ್ಖಾನೆಗಳ ಕಬ್ಬು ವಿಭಾಗ, ರೈತ ಉತ್ಪಾದಕ ಕಂಪನಿಗಳು, ನರ್ಸರಿ, ಹನಿ ನೀರಾವರಿ ಸಂಸ್ಥೆಗಳು, ಸಂಶೋಧನಾ ಕೇಂದ್ರಗಳ ಕ್ಷೇತ್ರ ಸಹಾಯಕರ ಕೆಲಸ ಎಲ್ಲ ಈ ಸಾಲಿನವು. ಶುರುವಿನ ಪಗಾರ ದೊಡ್ಡದೇನಲ್ಲ, ತಿರುಗಾಟ ಬಹಳ. ಸ್ಕೂಟರ್ ಓಡಿಸಲು ಬರಬೇಕು, ಬಿಸಿಲಿಗೆ ಬೇಸರಿಸಬಾರದು.

ಸ್ವಂತ ಅಂಗಡಿಯ ದಾರಿಯೂ ಇದೆ. ಮೊದಲಾದರೆ ಬಂಡವಾಳ ಇದ್ದ ಯಾರು ಬೇಕಾದರೂ ಗೊಬ್ಬರ, ಎಣ್ಣೆ ಅಂಗಡಿ ತೆರೆಯಬಹುದಿತ್ತು. ಈಗ ಕೀಟನಾಶಕ ಮತ್ತು ರಸಗೊಬ್ಬರ ಮಾರಾಟದ ಪರವಾನಗಿಗೆ ವಿದ್ಯಾರ್ಹತೆ ಕೇಳುತ್ತಾರೆ. ಪದವಿಯ ಜೊತೆಗೆ ಕೃಷಿ ಡಿಪ್ಲೊಮಾವೂ ಆ ಪಟ್ಟಿಯಲ್ಲಿದೆ. ಹಳೆಯ ಅಂಗಡಿಕಾರರಿಗಾಗಿ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ‘ದೇಸಿ’ ಎಂಬ 48 ವಾರದ ಡಿಪ್ಲೊಮಾ ಆರಂಭಿಸಿತು. ವಾರಕ್ಕೊಂದು ದಿನದಂತೆ 40 ಕ್ಲಾಸು, 8 ಕ್ಷೇತ್ರ ಭೇಟಿ. ಇದು ವ್ಯಾಪಾರಿಗಳಿಗೆ ಇರುವ ಕೋರ್ಸು. ಇದನ್ನು ಎರಡು ವರ್ಷದ ಕೃಷಿ ಡಿಪ್ಲೊಮಾದೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಅದೇ ಮ್ಯಾನೇಜ್ ನಡೆಸುವ, 2002ರಲ್ಲಿ ಶುರುವಾದ ‘ಅಗ್ರಿ ಕ್ಲಿನಿಕ್’ ಯೋಜನೆಯಲ್ಲಿ 45 ದಿನದ ಉಚಿತ ತರಬೇತಿ ಉಂಟು. ಕೃಷಿ ಪದವೀಧರರ ಜೊತೆ, ನಿಗದಿತ ಅಂಕ ಪಡೆದ ಕೃಷಿ ಡಿಪ್ಲೊಮಾದವರೂ ಸೇರಬಹುದು. ಆಮೇಲೆ ಬ್ಯಾಂಕ್ ಸಾಲದ ಮೇಲೆ ಸಾಮಾನ್ಯವಾಗಿ ಶೇ 36, ಮಹಿಳೆಯರಿಗೆ ಶೇ 44 ಸಹಾಯಧನ. ನಿಮ್ಮೂರಲ್ಲೇ ಮಣ್ಣು ಪರೀಕ್ಷೆ ಮಾಡಿ, ಒಳ್ಳೆಯ ಬೀಜ ಮಾರಿ, ಬೇಡದ ಎಣ್ಣೆಯನ್ನು ಬೇಡ ಎಂದು ಹೇಳುವ ಒಂದು ಅಂಗಡಿ ಮಗಳು ಇಟ್ಟರೆ ಸುತ್ತಲಿನ ಹಳ್ಳಿಗಳು ಅಲ್ಲಿಗೇ ಬರುತ್ತವೆ.

ಡಿಪ್ಲೊಮಾ ಮುಗಿಸಿ ಮುಂದೆ ಬಿ.ಎಸ್ಸಿ.ಗೆ ಹೋಗಬಹುದಲ್ಲ ಎಂದು ಯಾರಾದರೂ ಹೇಳಿದರೆ, ಆ ಭರವಸೆಯ ಮೇಲೆ ಮಾತ್ರ ಸೇರಿಸಬೇಡಿ. ಎಂಜಿನಿಯರಿಂಗ್‌ನಲ್ಲಿ ಡಿಪ್ಲೊಮಾದವರು ನೇರ ಎರಡನೇ ವರ್ಷಕ್ಕೆ ಸೇರುವುದನ್ನು ನೋಡಿ ಕೃಷಿಯಲ್ಲೂ ಹಾಗೇ ಎಂದುಕೊಳ್ಳುವವರಿದ್ದಾರೆ. ಪ್ರವೇಶದ ನಿಯಮ ಆಯಾ ವರ್ಷದ ಅಧಿಸೂಚನೆಯಲ್ಲಿ ಇರುತ್ತದೆ, ಅದನ್ನು ಓದಿ. ಡಿಪ್ಲೊಮಾ ಯಾವ ಕೇಂದ್ರದಲ್ಲಿ ನಡೆಯುತ್ತದೆ, ಸೀಟು ಎಷ್ಟು, ಹಾಸ್ಟೆಲ್ ಉಂಟೇ ಎಂಬುದನ್ನೂ ಎಸ್ಸೆಸ್ಸೆಲ್ಸಿ ಫಲಿತಾಂಶದ ಹಿಂದೆಯೇ ಹೊರಡುವ ಆ ಅಧಿಸೂಚನೆಯಲ್ಲೇ ನೋಡಬೇಕು. ಖಾಸಗಿಯಾಗಿ ‘ಕೃಷಿ ಡಿಪ್ಲೊಮಾ’ ಎಂದು ಬೋರ್ಡು ಹಾಕಿದ ಕಡೆ ಹಣ ಕಟ್ಟುವ ಮೊದಲು, ಅದಕ್ಕೆ ಯಾವ ವಿಶ್ವವಿದ್ಯಾಲಯದ ಮಾನ್ಯತೆ ಇದೆ ಎಂದು ಕಾಗದದಲ್ಲಿ ಕೇಳಿ. ಇರುವವರು ತೋರಿಸುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ ಹೀಗೆ ಹೇಳುತ್ತೇನೆ. ಮಗಳಿಗೆ ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದಿದ್ದು, ಇನ್ನೂ ಆರು ವರ್ಷ ಓದಿಸುವ ಶಕ್ತಿ ನಿಮಗಿದ್ದರೆ ಪಿಯುಸಿ ಹಾದಿಯೇ ಸರಿ. ಡಿಪ್ಲೊಮಾಕ್ಕೆ ಹೋದರೆ ಮುಚ್ಚುವ ಬಾಗಿಲುಗಳನ್ನು ಆಮೇಲೆ ತೆರೆಯುವುದು ಕಷ್ಟ. ಇಂಗ್ಲಿಷ್ ಮತ್ತು ಸಿಇಟಿಯ ಭಯದಲ್ಲಿ ಪಿಯುಸಿಗೆ ಹೋಗಿ ಅರ್ಧಕ್ಕೆ ಬಿಡುವ ಸಂಭವವಿದ್ದರೆ, ಅಥವಾ ಎರಡು ವರ್ಷದಲ್ಲಿ ಮನೆಯ ಹೊಲಕ್ಕೋ ಸ್ವಂತ ಅಂಗಡಿಗೋ ಮರಳುವುದೇ ಆಕೆಯ ಆಸೆಯಾಗಿದ್ದರೆ, ಡಿಪ್ಲೊಮಾವನ್ನು ಕೀಳಾಗಿ ಕಾಣಬೇಡಿ. ಎಂಟು ಎಕರೆ ಎರೆ ಇರುವ ಮನೆಗೆ ಗಿಡ ಎಣಿಸಲು, ಚೀಲದ ಲೆಕ್ಕ ಹಾಕಲು, ಮಣ್ಣಿನ ವರದಿ ಓದಲು ಬರುವ ಒಬ್ಬರು ಸಿಕ್ಕಿದರೆ ಅದರ ಲಾಭ ಮೊದಲ ಹಿಂಗಾರಿಯಲ್ಲೇ ಕಾಣುತ್ತದೆ.

ಸದ್ಯಕ್ಕೆ ಎರಡೂ ಕಡೆ ಅರ್ಜಿ ಹಾಕಿಸಿ. ಪಟ್ಟಿ ಬರುವುದರೊಳಗೆ ಮಗಳನ್ನು ಕೃಷಿ ವಿಶ್ವವಿದ್ಯಾಲಯದ ಯತ್ತಿನಗುಡ್ಡ ಕ್ಯಾಂಪಸ್ಸಿಗೆ ಕರೆತಂದು ಬೇಸಾಯ ಶಾಸ್ತ್ರ ವಿಭಾಗದ ಪ್ರಯೋಗ ತಾಕುಗಳನ್ನು ತೋರಿಸಿ, ಅಲ್ಲಿ ಓದುತ್ತಿರುವ ಹುಡುಗಿಯರ ಜೊತೆ ಮಾತಾಡಿಸಿ. ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ನಡೆಯುವುದರಿಂದ ಅದಕ್ಕಾಗಿ ಕಾದರೆ ಪ್ರವೇಶದ ಗಡುವು ದಾಟಿರುತ್ತದೆ. ನೋಡಿ ಬಂದ ಮೇಲೆ ಯಾವ ದಾರಿ ಎಂಬುದನ್ನು ಆಕೆಯೇ ಹೇಳಲಿ. ಓದಬೇಕಾದವಳು ಆಕೆ ತಾನೆ?